ಬೆಟ್ಟ ಹತ್ತಿದ ಚಿಪ್ಸ್ ಪೊಟ್ಟಣ

ಮಕ್ಕಳೇ, ನೀವು ಬಸ್ಸಿನಲ್ಲಿ ಚಾರ್ಮಾಡಿ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ಹತ್ತಿ ಇಳಿದಿದ್ದೀರಾ? ಮಡಿಕೇರಿಗೆ ಹೋಗಿದ್ದೀರಾ? ಹಾಗಿದ್ದರೆ ದಾರಿಯಲ್ಲಿ ಕಿವಿ ಮುಚ್ಚಿಕೊಂಡಂತಾಗಿ, ಉಗುಳು ನುಂಗಿದಾಗ 'ಟಪ್' ಎಂದು ತೆರೆದುಕೊಂಡ ಅನುಭವ ನಿಮಗೂ ಆಗಿರಬಹುದು. ಹೀಗೇಕೆ ಆಗುತ್ತದೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮ ಘಾಟಿಗಳಿಗಿಂತ ಬಹಳ ಎತ್ತರದ ಒಂದು ರಸ್ತೆಗೆ ಈಗ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಕಿವಿಗಷ್ಟೇ ಅಲ್ಲ, ಚಿಪ್ಸ್ ಪೊಟ್ಟಣಕ್ಕೂ, ಅನ್ನದ ಪಾತ್ರೆಗೂ, ಮನುಷ್ಯನ ಮಿದುಳಿಗೂ ಏನಾಗುತ್ತದೆ ಎಂಬುದನ್ನು ನೋಡೋಣ.

2022ರ ಅಕ್ಟೋಬರ್ ಮೊದಲ ವಾರ. ದಸರಾ ರಜೆ. ನಾವು ನಾಲ್ವರು ಗೆಳೆಯರು ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಕಾರಿನಲ್ಲಿ ಹೊರಟೆವು. ದೂರ ಸುಮಾರು 430 ಕಿ.ಮೀ. ಹಿಮ ಬೀಳುವುದರಿಂದ ಚಳಿಗಾಲದಲ್ಲಿ ಈ ರಸ್ತೆಯನ್ನು ಮುಚ್ಚುತ್ತಾರೆ. ಅಕ್ಟೋಬರ್ ಎಂದರೆ ಅಲ್ಲಿ ಶರತ್ಕಾಲ. ಆಕಾಶ ತಿಳಿಯಾಗಿರುತ್ತದೆ, ಮರಗಳು ಹಳದಿಯಾಗುತ್ತವೆ, ಹಿಮ ಇನ್ನೇನು ಬೀಳಲಿದೆ ಎನ್ನುವ ಕಾಲ.

ನಮ್ಮಲ್ಲಿ ಒಬ್ಬರು ಗಣಿತ ಶಿಕ್ಷಕರು, ಒಬ್ಬರು ಬ್ಯಾಂಕ್ ನೌಕರರು, ಇನ್ನೊಬ್ಬರಿಗೆ ಛಾಯಾಚಿತ್ರ ತೆಗೆಯುವ ಹುಚ್ಚು. ನಾಲ್ಕನೆಯವನು ನಾನು. ಕಾರು ನಡೆಸುತ್ತಿದ್ದವರು ಅಲ್ಲಿಯದೇ ಲಾಹೌಲ್ ಕಣಿವೆಯವರು. ನನ್ನ ಚೀಲದಲ್ಲಿ ಪ್ರಯೋಗಾಲಯದ ಒಂದು ಥರ್ಮಾಮೀಟರ್, ಒಂದು ಖಾಲಿ ನೀರಿನ ಬಾಟಲಿ, ದೆಹಲಿಯಲ್ಲಿ ಕೊಂಡ ನಾಲ್ಕು ಚಿಪ್ಸ್ ಪೊಟ್ಟಣಗಳು ಇದ್ದವು. ಗೆಳೆಯರು ನಕ್ಕರು. "ತಿನ್ನಬೇಡಿ, ಇವು ಉಪಕರಣಗಳು" ಎಂದೆ!

ಸುರಂಗದ ಎರಡು ಬದಿ

ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ನಮ್ಮ ಪ್ರಯಾಣ ಆರಂಭವಾದದ್ದೇ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿನಿಂದ.

ಮನಾಲಿಯ ಸುತ್ತ ದೇವದಾರು ಮರಗಳ ದಟ್ಟ ಕಾಡು. ನಾವು ಹೊರಟ ಬೆಳಿಗ್ಗೆ ಮೋಡ ಕವಿದು ತುಂತುರು ಹನಿಯುತ್ತಿತ್ತು. ಹಿಂದೆ ಎಲ್ಲ ವಾಹನಗಳೂ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗವನ್ನು ಹತ್ತಿ ಇಳಿಯಬೇಕಿತ್ತು. ಬೆಟ್ಟದೊಳಗೆ ಕೊರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾಯಿತು. ಸುರಂಗವೂ 3,000 ಮೀಟರ್‌ಗಿಂತ ಎತ್ತರದಲ್ಲೇ ಇದೆ. ಅದರೊಳಗೆ ಹೊಕ್ಕು ಸುಮಾರು ಕಾಲು ಗಂಟೆಯಲ್ಲಿ ಆಚೆ ಬದಿಗೆ ಬಂದೆವು.

ಆಚೆ ಬದಿಯಲ್ಲಿ ಮೋಡವೂ ಇಲ್ಲ, ದೇವದಾರು ಕಾಡೂ ಇಲ್ಲ! ಕಡುನೀಲಿ ಆಕಾಶ, ಬೋಳು ಬೆಟ್ಟಗಳು, ಕೆಳಗೆ ಚಂದ್ರಾ ನದಿ. ಒಂಬತ್ತು ಕಿಲೋಮೀಟರ್ ದೂರದಲ್ಲಿ ಇಷ್ಟೊಂದು ವ್ಯತ್ಯಾಸ ಏಕೆ?

ಇದಕ್ಕೆ ಕಾರಣ ನಿಮಗೆ ಪಾಠದಲ್ಲಿ ಬಂದಿದೆ. ತೇವವಿರುವ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗಿ, ಅದರ ನೀರಾವಿ ಮೋಡವಾಗಿ, ಮಳೆಯಾಗಿ ಸುರಿಯುತ್ತದೆ. ಬೆಟ್ಟ ದಾಟುವಷ್ಟರಲ್ಲಿ ಗಾಳಿಯ ತೇವ ಬಹುಪಾಲು ಖಾಲಿ. ಆದ್ದರಿಂದ ಆಚೆ ಬದಿಗೆ ಮಳೆ ಕಡಿಮೆ. ಇದೇ ಮಳೆನೆರಳು ಪ್ರದೇಶ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ನಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ ಅದರ ಸಣ್ಣ ಭಾಗ ಮಾತ್ರ. ಹಿಮಾಲಯದ ಗೋಡೆ ಇನ್ನೂ ಎತ್ತರ. ಹಲವು ಸಾಲು ಬೆಟ್ಟಗಳ ಹಿಂದಿರುವ ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆಯಷ್ಟೆ.

ಆ ರಾತ್ರಿ ಕೀಲಾಂಗ್ ಎಂಬ ಊರಿನಲ್ಲಿ ಉಳಿದೆವು. ಎತ್ತರ ಸುಮಾರು 3,100 ಮೀಟರ್. ನನ್ನ ಚೀಲದ ಪೊಟ್ಟಣಗಳು ದಿಂಬಿನಂತೆ ಉಬ್ಬಿಕೊಂಡಿದ್ದವು.

ಪೊಟ್ಟಣ ಏಕೆ ಉಬ್ಬಿತು?

ಪೊಟ್ಟಣದೊಳಗೆ ಯಾರೂ ಗಾಳಿ ಊದಲಿಲ್ಲ. ಹಾಗಾದರೆ ಬದಲಾದದ್ದು ಏನು? ಬದಲಾದದ್ದು ಹೊರಗಿನ ಗಾಳಿ.

ಗಾಳಿಗೂ ತೂಕವಿದೆ. ನಾವೆಲ್ಲ ಗಾಳಿಯ ಒಂದು ಸಾಗರದ ತಳದಲ್ಲಿ ಬದುಕುತ್ತಿದ್ದೇವೆ. ನಮ್ಮ ಮೇಲಿರುವ ಗಾಳಿಯೆಲ್ಲ ತನ್ನ ತೂಕದಿಂದ ನಮ್ಮನ್ನು ಒತ್ತುತ್ತಿರುತ್ತದೆ. ಇದೇ ವಾಯು ಒತ್ತಡ. ಹತ್ತು ಹಾಸಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ತಳದ ಹಾಸಿಗೆ ಹೆಚ್ಚು ಅಮುಕಿಕೊಳ್ಳುತ್ತದೆ, ಮೇಲಿನದು ಸಡಿಲವಾಗಿರುತ್ತದೆ, ಅಲ್ಲವೇ? ಗಾಳಿಯೂ ಹಾಗೆಯೇ. ಸಮುದ್ರಮಟ್ಟದಲ್ಲಿ ಒತ್ತಾಗಿ, ಬೆಟ್ಟದ ಮೇಲೆ ತೆಳುವಾಗಿ ಇರುತ್ತದೆ.

ದೆಹಲಿ ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿನಷ್ಟೇ ಎತ್ತರ. ಅಲ್ಲಿ ಪೊಟ್ಟಣದೊಳಗಿನ ಅನಿಲ ಹೊರಗೆ ತಳ್ಳುತ್ತಿತ್ತು, ಹೊರಗಿನ ಗಾಳಿ ಒಳಗೆ ತಳ್ಳುತ್ತಿತ್ತು. ಎರಡೂ ಹೆಚ್ಚುಕಡಿಮೆ ಸಮ. ಬೆಟ್ಟ ಹತ್ತಿದಂತೆ ಹೊರಗಿನ ತಳ್ಳುವಿಕೆ ಕಡಿಮೆಯಾಯಿತು. ಒಳಗಿನ ಅನಿಲ ಪೊಟ್ಟಣವನ್ನು ಉಬ್ಬಿಸಿತು. ನಿಮ್ಮ ಕಿವಿಯ ತಮಟೆಯ ಹಿಂದೆಯೂ ಸ್ವಲ್ಪ ಗಾಳಿ ಇದೆ. ಘಾಟಿ ಹತ್ತುವಾಗ ಅದೂ ಪೊಟ್ಟಣದಂತೆ ಹೊರಕ್ಕೆ ತಳ್ಳುತ್ತದೆ. ಉಗುಳು ನುಂಗಿದಾಗ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಳಿಕೆ ತೆರೆದು ಒಳಗಿನ, ಹೊರಗಿನ ಒತ್ತಡ ಸಮವಾಗುತ್ತದೆ. ಆಗ 'ಟಪ್'!

ಇದನ್ನು ಮೊದಲು ಬೆಟ್ಟ ಹತ್ತಿ ಅಳೆದವರು ಯಾರು?

ಇದೂ ಒಂದು ಶರತ್ಕಾಲದ ಬೆಟ್ಟದ ಪ್ರವಾಸದ ಕಥೆಯೇ. ಆದರೆ ನಡೆದದ್ದು ಫ್ರಾನ್ಸ್ ದೇಶದಲ್ಲಿ, 1648ರ ಸೆಪ್ಟೆಂಬರ್ 19ರಂದು.

ಇಟಲಿಯ ಟಾರಿಸೆಲ್ಲಿ ಎಂಬ ವಿಜ್ಞಾನಿ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ಪಾದರಸದ ಬಟ್ಟಲಿನಲ್ಲಿ ಬೋರಲು ನಿಲ್ಲಿಸುವ ಪ್ರಯೋಗವನ್ನು ಆಗಲೇ ರೂಪಿಸಿದ್ದ. ಪಾದರಸ ಪೂರ್ತಿ ಕೆಳಗಿಳಿಯದೆ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿರುವುದು ಹೊರಗಿನ ಗಾಳಿಯ ತೂಕ ಎಂದು ಆತ ಹೇಳಿದ. ಎಲ್ಲರೂ ಒಪ್ಪಲಿಲ್ಲ.

ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೀಗೆ ಯೋಚಿಸಿದ: ಗಾಳಿಯ ತೂಕವೇ ಕಾರಣವಾದರೆ, ಬೆಟ್ಟದ ಮೇಲೆ ಗಾಳಿ ಕಡಿಮೆ ಇರುವುದರಿಂದ ಪಾದರಸ ಇನ್ನಷ್ಟು ಕೆಳಗಿಳಿಯಬೇಕು. ಆತನ ಆರೋಗ್ಯ ಚೆನ್ನಾಗಿರಲಿಲ್ಲ, ಇದ್ದದ್ದು ದೂರದ ಪ್ಯಾರಿಸ್ಸಿನಲ್ಲಿ. ಆದ್ದರಿಂದ ತನ್ನ ಭಾವ ಫ್ಲೋರಿನ್ ಪೆರಿಯೆಗೆ ಪತ್ರ ಬರೆದ. ಪೆರಿಯೆ ಊರಿನ ಕೆಲವು ಗಣ್ಯರನ್ನು ಜೊತೆಗೆ ಕರೆದುಕೊಂಡು, ಕೊಳವೆ ಮತ್ತು ಪಾದರಸ ಹೊತ್ತು, ಪ್ಯುಯ್ ದ ಡೋಮ್ ಎಂಬ ಬೆಟ್ಟ ಹತ್ತಿದ. ಕೆಳಗಿನ ಊರಿನಲ್ಲಿ ಸುಮಾರು 71 ಸೆಂ.ಮೀ. ಇದ್ದ ಪಾದರಸ ಬೆಟ್ಟದ ತುದಿಯಲ್ಲಿ ಸುಮಾರು 63 ಸೆಂ.ಮೀ.ಗೆ ಇಳಿದಿತ್ತು!

ಇಲ್ಲಿ ಒಂದು ಜಾಣತನವನ್ನು ಗಮನಿಸಿ. ಹತ್ತುವ ಮೊದಲು ಪೆರಿಯೆ ಇಂಥದ್ದೇ ಇನ್ನೊಂದು ಕೊಳವೆಯನ್ನು ಕೆಳಗಿನ ಮಠದಲ್ಲಿ ನಿಲ್ಲಿಸಿ, ಒಬ್ಬ ಸನ್ಯಾಸಿಗೆ ದಿನವಿಡೀ ನೋಡುತ್ತಿರಲು ಹೇಳಿದ್ದ. ಅದರಲ್ಲಿ ಪಾದರಸ ಸ್ವಲ್ಪವೂ ಕದಲಲಿಲ್ಲ. ಹಾಗಾಗಿ 'ಆ ದಿನದ ಹವೆ ಬದಲಾಗಿದ್ದರಿಂದ ಪಾದರಸ ಇಳಿಯಿತು' ಎಂದು ಯಾರೂ ಹೇಳುವಂತಿರಲಿಲ್ಲ. ಎತ್ತರವೇ ಕಾರಣ ಎಂದು ಖಚಿತವಾಯಿತು. ನೀವು ಪ್ರಯೋಗ ಮಾಡುವಾಗಲೂ ಹೀಗೆ ಹೋಲಿಕೆಗಾಗಿ ಒಂದನ್ನು ಬದಲಿಸದೆ ಇಡಬೇಕು.

ಎತ್ತರ, ಗಾಳಿ, ಕುದಿಯುವ ನೀರು

ಕೆಳಗಿನ ಪಟ್ಟಿಯನ್ನು ನೋಡಿ. ಸಮುದ್ರಮಟ್ಟದ ವಾಯು ಒತ್ತಡವನ್ನು 100 ಎಂದು ಇಟ್ಟುಕೊಳ್ಳೋಣ. ಎಲ್ಲವೂ ಸುಮಾರು ಬೆಲೆಗಳು.

ಸಮುದ್ರ ತೀರ: ಎತ್ತರ 0 ಮೀ, ಒತ್ತಡ 100, ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್
ಬೆಂಗಳೂರು: 920 ಮೀ, ಒತ್ತಡ 90, 97 ಡಿಗ್ರಿ
ಮನಾಲಿ: 2,050 ಮೀ, ಒತ್ತಡ 78, 93 ಡಿಗ್ರಿ
ಕೀಲಾಂಗ್: 3,100 ಮೀ; ಒತ್ತಡ 68; 90 ಡಿಗ್ರಿ
ಸರ್ಚು: 4,300 ಮೀ, ಒತ್ತಡ 58, 86 ಡಿಗ್ರಿ
ಬಾರಾಲಾಚಾ ಲಾ: 4,890 ಮೀ, ಒತ್ತಡ 54, 84 ಡಿಗ್ರಿ
ತಂಗ್ಲಂಗ್ ಲಾ: 5,300 ಮೀ, ಒತ್ತಡ 51, 82 ಡಿಗ್ರಿ

'ಲಾ' ಎಂದರೆ ಆ ಕಡೆಯ ಭಾಷೆಯಲ್ಲಿ ಎರಡು ಬೆಟ್ಟಗಳ ನಡುವೆ ದಾಟುವ ಕಣಿವೆಮಾರ್ಗ.

ಮರುದಿನ ಬೆಳಿಗ್ಗೆ ಕೀಲಾಂಗ್ ಬಿಟ್ಟು ಭಾಗಾ ನದಿಯ ಜೊತೆಜೊತೆಗೇ ಮೇಲೇರಿದೆವು. ದಾರಿಯಲ್ಲಿ ಅಡ್ಡಲಾಗಿ ಹರಿಯುವ ತೊರೆಗಳಿದ್ದವು. "ಮಧ್ಯಾಹ್ನದ ಒಳಗೆ ಇವನ್ನೆಲ್ಲ ದಾಟಬೇಕು" ಎಂದರು ಚಾಲಕರು. ಏಕೆಂದು ಹೇಳಬಲ್ಲಿರಾ? ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ನಂತರ ತೊರೆಯಲ್ಲಿ ನೀರು ಹೆಚ್ಚುತ್ತದೆ. ರಾತ್ರಿಯ ಚಳಿಗೆ ಕರಗುವುದು ನಿಲ್ಲುವುದರಿಂದ ಬೆಳಿಗ್ಗೆ ನೀರು ಕಡಿಮೆ. ಅವರು ಇದನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ, ನೋಡಿ ಕಲಿತಿದ್ದರು.

ಸೂರಜ್ ತಾಲ್ ಎಂಬ ಹಸಿರು-ನೀಲಿ ಸರೋವರದ ಬಳಿ ಭಾಗಾ ನದಿ ಹುಟ್ಟುತ್ತದೆ. ಅದನ್ನು ದಾಟಿ ಬಾರಾಲಾಚಾ ಲಾ ತಲುಪಿದಾಗ ಹಿಂದಿನ ಸೀಟಿನಿಂದ 'ಢಬ್' ಎಂಬ ಸದ್ದು. ಒಂದು ಪೊಟ್ಟಣ ಒಡೆದಿತ್ತು! ನಾನು ಕಾರಿನಿಂದ ಇಳಿದು, ಖಾಲಿ ಬಾಟಲಿಯ ಮುಚ್ಚಳ ತೆಗೆದು, ಮತ್ತೆ ಬಿಗಿಯಾಗಿ ಮುಚ್ಚಿ ಇಟ್ಟುಕೊಂಡೆ. ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು ಬಂತು. ಆಕಾಶ ಕಪ್ಪಿಗೆ ತಿರುಗಿದ ನೀಲಿಯಾಗಿತ್ತು. ಸೂರ್ಯನ ಬೆಳಕನ್ನು ಚದುರಿಸಲು ಮೇಲೆ ಗಾಳಿ ಕಡಿಮೆ ಇರುವುದೇ ಇದಕ್ಕೆ ಕಾರಣ. ಚರ್ಮ ಸುಡುವ ನೇರಳಾತೀತ ಕಿರಣಗಳನ್ನು ತಡೆಯಲೂ ಅಲ್ಲಿ ಗಾಳಿ ಸಾಲದು. ಚಳಿಯಲ್ಲಿದ್ದರೂ ಮುಖ ಬಿಸಿಲಿಗೆ ಕಂದುತ್ತದೆ.

ಸಂಜೆ ಸರ್ಚು ಎಂಬ ಬಯಲಿಗೆ ಬಂದೆವು. ಹಿಮಾಚಲ ಪ್ರದೇಶ ಮತ್ತು ಲಡಾಖಿನ ಗಡಿಯಲ್ಲಿರುವ ಜಾಗ ಅದು. ಉಳಿದಿದ್ದ ಒಂದು ಡಾಬಾದ ಗುಡಾರದಲ್ಲಿ ಜಾಗ ಸಿಕ್ಕಿತು. ಒಲೆಯ ಮೇಲೆ ಕುದಿಯುತ್ತಿದ್ದ ನೀರಿಗೆ ಥರ್ಮಾಮೀಟರ್ ಇಳಿಸಿದೆ. 86 ಡಿಗ್ರಿ! ಎಷ್ಟು ಬೆಂಕಿ ಹೆಚ್ಚಿಸಿದರೂ ಪಾದರಸ ಮೇಲೇರಲಿಲ್ಲ. ಕುದಿಯುವುದೆಂದರೆ ನೀರಿನೊಳಗೇ ಆವಿಯ ಗುಳ್ಳೆಗಳು ಎದ್ದು ಹೊರಬರುವುದು. ಮೇಲಿನಿಂದ ಒತ್ತುವ ಗಾಳಿ ಕಡಿಮೆಯಾದರೆ ಗುಳ್ಳೆಗಳು ಕಡಿಮೆ ಬಿಸಿಯಲ್ಲೇ ಏಳುತ್ತವೆ. 86 ಡಿಗ್ರಿಯ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಅದಕ್ಕೇ ಡಾಬಾದವರು ಪ್ರೆಶರ್ ಕುಕ್ಕರ್ ಇಟ್ಟಿದ್ದರು. ಕುಕ್ಕರಿನೊಳಗೆ ಆವಿ ಹೊರಹೋಗದೆ ಒತ್ತಡ ಹೆಚ್ಚುತ್ತದೆ, ನೀರು ಇನ್ನಷ್ಟು ಬಿಸಿಯಾಗುತ್ತದೆ.

ಆ ರಾತ್ರಿ

ಊಟದ ಹೊತ್ತಿಗೆ ನಮ್ಮ ಗಣಿತ ಶಿಕ್ಷಕರು ತಟ್ಟೆ ಮುಟ್ಟಲಿಲ್ಲ. "ಹಸಿವಿಲ್ಲ" ಎಂದರು. ನಮ್ಮಲ್ಲೆಲ್ಲ ಗಟ್ಟಿಮುಟ್ಟಾದವರು ಅವರೇ. ಊರಿನಲ್ಲಿ ದಿನವೂ ಐದು ಕಿಲೋಮೀಟರ್ ಓಡುತ್ತಾರೆ. ದಣಿವಿರಬೇಕು ಎಂದುಕೊಂಡು ಮಲಗಿದೆವು.

ರಾತ್ರಿ ಎರಡು ಗಂಟೆಗೆ ಅವರು ವಾಂತಿ ಮಾಡಿದರು. ಆಗ ಹೇಳಿದರು, ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತಂತೆ. "ನಿಮ್ಮ ಪ್ರವಾಸ ಹಾಳಾಗುವುದು ಬೇಡವೆಂದು ಸುಮ್ಮನಿದ್ದೆ" ಎಂದರು. ಸ್ವಲ್ಪ ಹೊತ್ತಿನ ನಂತರ ಹೊರಗೆ ಹೋಗಲು ಎದ್ದವರು ಕುಡಿದವರಂತೆ ತೂರಾಡಿದರು.

ನಮ್ಮ ಚಾಲಕರು ಟಾರ್ಚ್ ಹಿಡಿದು, ನೆಲದ ಮೇಲೆ ಒಂದು ಗೆರೆ ಎಳೆದರು. "ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಈ ಗೆರೆಯ ಮೇಲೆ ನಡೆಯಿರಿ" ಎಂದರು. ನಮ್ಮ ಗೆಳೆಯರಿಗೆ ನಾಲ್ಕು ಹೆಜ್ಜೆಯೂ ಸಾಧ್ಯವಾಗಲಿಲ್ಲ. ಚಾಲಕರು ಕೂಡಲೇ ಕಾರಿನ ಕಡೆಗೆ ಹೋದರು. "ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಕೆಳಗೆ ಇಳಿಯಬೇಕು" ಎಂದರು.

ಏನಾಗಿತ್ತು? ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ: ನೂರಕ್ಕೆ ಸುಮಾರು 21 ಭಾಗ. ಮಂಗಳೂರಿನಲ್ಲೂ ಅಷ್ಟೇ, ಸರ್ಚುವಿನಲ್ಲೂ ಅಷ್ಟೇ. ಆದರೆ ಸರ್ಚುವಿನಲ್ಲಿ ಗಾಳಿಯೇ ತೆಳು. ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರ ತೀರದಲ್ಲಿ ಸಿಗುವುದರ ನೂರಕ್ಕೆ 58 ಭಾಗ ಮಾತ್ರ. ಇದನ್ನು ಸರಿದೂಗಿಸಲು ದೇಹ ಬೇಗಬೇಗ ಉಸಿರಾಡುತ್ತದೆ, ಹೃದಯ ಬೇಗ ಬಡಿದುಕೊಳ್ಳುತ್ತದೆ. ಮನಾಲಿಯಲ್ಲಿ ನಿಮಿಷಕ್ಕೆ 78 ಇದ್ದ ನನ್ನ ನಾಡಿಬಡಿತ ಆ ಸಂಜೆ 104 ಆಗಿತ್ತು. ಎತ್ತರದಲ್ಲಿ ಕೆಲವು ವಾರಗಳಿದ್ದರೆ ಆಮ್ಲಜನಕ ಹೊರುವ ಕೆಂಪು ರಕ್ತಕಣಗಳೂ ಹೆಚ್ಚುತ್ತವೆ. ಆದರೆ ಈ ಹೊಂದಾಣಿಕೆಗೆ ದಿನಗಳು ಬೇಕು. ನಾವು ಅದಕ್ಕೆ ಸಮಯ ಕೊಡದಿದ್ದರೆ ತಲೆನೋವು, ವಾಂತಿ, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು ಕಾಣಿಸಿಕೊಳ್ಳುತ್ತವೆ. ಇದೇ ಎತ್ತರದ ಕಾಯಿಲೆ. ಇದು ಹೆಚ್ಚಾದರೆ ಮಿದುಳಿನಲ್ಲಿ ನೀರು ಸೇರಿ ಊದಿಕೊಳ್ಳಬಹುದು. ತೂರಾಡುವುದು ಅದರ ಸೂಚನೆ. ಶ್ವಾಸಕೋಶದಲ್ಲೂ ನೀರು ಸೇರಬಹುದು. ಎರಡೂ ಪ್ರಾಣಕ್ಕೆ ಅಪಾಯ.

ದಿನವೂ ಓಡುವವರಿಗೆ ಹೀಗಾಗಬಹುದೇ ಎಂದು ಕೇಳುತ್ತೀರಿ. ಆಗಬಹುದು. ದೇಹ ಗಟ್ಟಿಯಾಗಿರುವುದು ಬೇರೆ, ಎತ್ತರಕ್ಕೆ ಹೊಂದಿಕೊಳ್ಳುವುದು ಬೇರೆ.

ಮುಂದೆಯೋ, ಹಿಂದೆಯೋ?

ಈಗ ನೀವೇ ಯೋಚಿಸಿ. ನಾವು ಸರ್ಚುವಿನಲ್ಲಿದ್ದೇವೆ, 4,300 ಮೀಟರ್ ಎತ್ತರದಲ್ಲಿ. ನಮ್ಮ ಗೆಳೆಯರನ್ನು ಬೇಗ ತಗ್ಗಿನ ಊರಿಗೆ ಒಯ್ಯಬೇಕು. ದಾರಿಗಳು ಎರಡೇ.

ಮುಂದಕ್ಕೆ: ಲೇಹ್ ಸುಮಾರು 250 ಕಿ.ಮೀ. ದೂರ, ಎತ್ತರ ಸುಮಾರು 3,500 ಮೀಟರ್. ದೊಡ್ಡ ಆಸ್ಪತ್ರೆ ಇದೆ. ಆದರೆ ನಡುವೆ 5,000 ಮೀಟರ್ ಮೀರಿದ ಲಾಚುಲುಂಗ್ ಲಾ ಮತ್ತು ತಂಗ್ಲಂಗ್ ಲಾ ಎರಡನ್ನೂ ಹತ್ತಬೇಕು. ನಡುವಿನ ಬಯಲುಗಳೂ 4,500 ಮೀಟರ್‌ಗಿಂತ ಮೇಲೆಯೇ.

ಹಿಂದಕ್ಕೆ: ಕೀಲಾಂಗ್ ಸುಮಾರು 110 ಕಿ.ಮೀ. ದೂರ, ಎತ್ತರ 3,100 ಮೀಟರ್. ಅಲ್ಲೂ ಆಸ್ಪತ್ರೆ ಇದೆ. ನಡುವೆ 4,890 ಮೀಟರಿನ ಬಾರಾಲಾಚಾ ಲಾ ಒಂದನ್ನೇ ಹತ್ತಬೇಕು.

ಸರ್ಚು ಒಂದು ಬಟ್ಟಲಿನ ತಳದಂತೆ. ಯಾವ ಕಡೆಗೆ ಇಳಿಯಬೇಕಾದರೂ ಮೊದಲು ಹತ್ತಲೇಬೇಕು. ಹಿಂದಿನ ದಾರಿಯಲ್ಲಿ ಹತ್ತುವುದು ಸುಮಾರು 600 ಮೀಟರ್, ಅದೂ ಒಮ್ಮೆ. ಮುಂದಿನ ದಾರಿಯಲ್ಲಿ ಸುಮಾರು 1,000 ಮೀಟರ್ ಎತ್ತರಕ್ಕೆ ಹೋಗಿ, ದಿನದ ಬಹುಭಾಗ ಅಲ್ಲೇ ಇರಬೇಕು. ನಮ್ಮ ಗೆಳೆಯರು ಆ ಸ್ಥಿತಿಯಲ್ಲೂ "ಲೇಹ್‌ಗೇ ಹೋಗೋಣ, ಇಷ್ಟು ದೂರ ಬಂದಿದ್ದೇವೆ" ಎನ್ನುತ್ತಿದ್ದರು. ಮಿದುಳಿಗೆ ಆಮ್ಲಜನಕ ಸಾಲದಾಗ ಸರಿಯಾಗಿ ತೀರ್ಮಾನಿಸುವ ಶಕ್ತಿಯೂ ಕುಗ್ಗುತ್ತದೆ. ಆಗ ಜೊತೆಗಿದ್ದವರೇ ತೀರ್ಮಾನಿಸಬೇಕು.

ನಾವು ಹಿಂದಕ್ಕೆ ತಿರುಗಿದೆವು. ಕಾರಿನಲ್ಲಿದ್ದ ಸಣ್ಣ ಆಮ್ಲಜನಕದ ಸಿಲಿಂಡರಿನ ಮುಖವಾಡವನ್ನು ಅವರಿಗೆ ಹಾಕಿದೆವು. ಹೊರಗೆ ಬಾಟಲಿಯ ನೀರಿನ ಮೇಲೆ ತೆಳು ಮಂಜುಗಡ್ಡೆ ಕಟ್ಟಿತ್ತು. ರಸ್ತೆಯ ಮೇಲೆ ಹರಿದ ನೀರೂ ಅಲ್ಲಲ್ಲಿ ಗಟ್ಟಿಯಾಗಿ ಗಾಜಿನಂತೆ ಹೊಳೆಯುತ್ತಿತ್ತು. ಚಾಲಕರು ಬಹಳ ನಿಧಾನವಾಗಿ ಬಾರಾಲಾಚಾ ಹತ್ತಿಸಿದರು. ಯಾರೂ ಮಾತಾಡಲಿಲ್ಲ. ಮೇಲೆ ತಲುಪುವಾಗ ಪೂರ್ವದಲ್ಲಿ ಬೆಳಕು ಮೂಡುತ್ತಿತ್ತು. ಅಲ್ಲಿಂದ ಇಳಿಜಾರು.

ಇಳಿಯುತ್ತಿದ್ದಂತೆ ಬದಲಾವಣೆ ಕಾಣಿಸಿತು. ದಾರ್ಚಾ ಎಂಬ ಹಳ್ಳಿಯ ಬಳಿ ನಮ್ಮ ಗೆಳೆಯರು ಮುಖವಾಡ ಸರಿಸಿ, "ನೀರು ಕೊಡಿ" ಎಂದರು. ಕೀಲಾಂಗ್ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಆಮ್ಲಜನಕ ಮತ್ತು ಔಷಧ ಕೊಟ್ಟರು. "ಇಳಿಸಿಕೊಂಡು ಬಂದಿರಲ್ಲ, ಅದೇ ದೊಡ್ಡ ಔಷಧ. ಇನ್ನು ಮೇಲೆ ಹೋಗಬೇಡಿ" ಎಂದರು.

ನನ್ನ ಚೀಲ ತೆರೆದರೆ, ಬಾರಾಲಾಚಾದಲ್ಲಿ ಮುಚ್ಚಿದ್ದ ಖಾಲಿ ಬಾಟಲಿ ಯಾರೋ ಹಿಂಡಿದಂತೆ ನಜ್ಜುಗುಜ್ಜಾಗಿತ್ತು. ಅದರೊಳಗೆ ಇದ್ದದ್ದು ಮೇಲಿನ ತೆಳುಗಾಳಿ. ಕೆಳಗಿನ ಒತ್ತಾದ ಗಾಳಿ ಅದನ್ನು ಹೊರಗಿನಿಂದ ಅಮುಕಿತ್ತು. ಆ ಒತ್ತಾದ ಗಾಳಿಯೇ ನನ್ನ ಗೆಳೆಯರನ್ನು ಉಳಿಸಿತ್ತು.

ನಮ್ಮ ತಪ್ಪು ಏನು?

3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬುದು ವೈದ್ಯರು ಹೇಳುವ ನಿಯಮ. ನಡುನಡುವೆ ಒಂದು ದಿನ ವಿಶ್ರಾಂತಿಯನ್ನೂ ಕೊಡಬೇಕು. ನಾವು ಏನು ಮಾಡಿದೆವು? ಒಂದು ರಾತ್ರಿ 3,100 ಮೀಟರ್, ಮರುರಾತ್ರಿಯೇ 4,300 ಮೀಟರ್. ಒಂದೇ ದಿನದಲ್ಲಿ 1,200 ಮೀಟರ್! ರಜೆಯ ದಿನ ಉಳಿಸುವ ಆತುರ. ಪುಸ್ತಕದಲ್ಲಿ ಈ ನಿಯಮವನ್ನು ಓದಿದ್ದವನು ನಾನು. ಆದರೂ ಯೋಜನೆ ಹಾಕುವಾಗ ಲೆಕ್ಕ ಮಾಡಲಿಲ್ಲ. ವಿಜ್ಞಾನವನ್ನು ತಿಳಿದಿರುವುದು ಬೇರೆ, ಬೇಕಾದಾಗ ಬಳಸುವುದು ಬೇರೆ.

ಹಳದಿ ಎಲೆಗಳ ನಡುವೆ

ಗೆಳೆಯರು ಚೇತರಿಸಿಕೊಳ್ಳಲು ಎರಡು ದಿನ ಕೀಲಾಂಗ್‌ನಲ್ಲೇ ಉಳಿದೆವು. ಹೋಗುವಾಗ ಆತುರದಲ್ಲಿ ಸರಿಯಾಗಿ ನೋಡದಿದ್ದ ಕಣಿವೆಯನ್ನು ಆಗ ನೋಡಿದೆವು. ನದಿಯ ದಂಡೆಯಲ್ಲಿ, ಹೊಲಗಳ ಅಂಚಿನಲ್ಲಿ ಪಾಪ್ಲರ್ ಮತ್ತು ವಿಲೋ ಮರಗಳು ಹಳದಿಯಾಗುತ್ತಿದ್ದವು. ಆಲೂಗಡ್ಡೆ ಮೂಟೆಗಳು ಲಾರಿ ಏರುತ್ತಿದ್ದವು. ಮುಳ್ಳುಪೊದೆಗಳಲ್ಲಿ ಕಿತ್ತಳೆ ಬಣ್ಣದ ಸಣ್ಣ ಹುಳಿಹಣ್ಣುಗಳು ಗೊಂಚಲಾಗಿದ್ದವು. ಅದಕ್ಕೆ ಸೀಬಕ್‌ಥಾರ್ನ್ ಎಂದು ಹೆಸರು.

ಎಲೆ ಹಳದಿಯಾಗುವುದು ಏಕೆ? ಹಳದಿ ಬಣ್ಣ ಹೊಸದಾಗಿ ಬರುವುದಲ್ಲ. ಅದು ಎಲೆಯಲ್ಲಿ ಮೊದಲೇ ಇರುತ್ತದೆ. ಬೇಸಿಗೆಯಲ್ಲಿ ಪತ್ರಹರಿತ್ತಿನ ಹಸಿರು ಅದನ್ನು ಮರೆಮಾಡಿರುತ್ತದೆ. ಹಗಲು ಚಿಕ್ಕದಾಗಿ ಚಳಿ ಹೆಚ್ಚಿದಾಗ ಮರ ಹೊಸ ಪತ್ರಹರಿತ್ತು ತಯಾರಿಸುವುದನ್ನು ನಿಲ್ಲಿಸುತ್ತದೆ. ಇದ್ದದ್ದನ್ನು ಒಡೆದು, ಅದರ ಜೊತೆ ಎಲೆಯಲ್ಲಿರುವ ಸಾರಜನಕದಂಥ ಬೆಲೆಬಾಳುವ ವಸ್ತುಗಳನ್ನು ಕಾಂಡಕ್ಕೆ ವಾಪಸು ಎಳೆದುಕೊಳ್ಳುತ್ತದೆ. ಹಸಿರು ಹೋದಾಗ ಹಳದಿ ಕಾಣಿಸುತ್ತದೆ. ಕೊನೆಗೆ ಎಲೆಯ ತೊಟ್ಟಿನಲ್ಲಿ ಒಂದು ಪದರ ಬೆಳೆದು ಎಲೆ ಉದುರುತ್ತದೆ.

ಎಲೆ ಉದುರಿಸುವುದರಿಂದ ಮರಕ್ಕೇನು ಲಾಭ? ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟುತ್ತದೆ. ಬೇರಿಗೆ ನೀರು ಸಿಗುವುದಿಲ್ಲ. ಅಗಲವಾದ ಎಲೆಗಳಿದ್ದರೆ ಅವುಗಳಿಂದ ನೀರು ಆವಿಯಾಗಿ ಮರ ಒಣಗುತ್ತದೆ. ದೇವದಾರಿನ ಎಲೆಗಳು ಸೂಜಿಯಂತಿದ್ದು ಮೇಣದ ಹೊದಿಕೆ ಹೊಂದಿರುವುದರಿಂದ ಅದು ಹಸಿರಾಗಿಯೇ ಉಳಿಯುತ್ತದೆ.

ನಮ್ಮ ಬಂಡೀಪುರದ ತೇಗ, ಮುತ್ತುಗ ಮರಗಳೂ ಎಲೆ ಉದುರಿಸುತ್ತವೆ, ಆದರೆ ಮಳೆಯಿಲ್ಲದ ಬೇಸಿಗೆಯ ಹೊತ್ತಿಗೆ. ಅಲ್ಲಿ ನೀರು ಹೆಪ್ಪುಗಟ್ಟಿ ಸಿಗದು, ಇಲ್ಲಿ ಒಣಗಿ ಸಿಗದು. ಕಾಲ ಬೇರೆ, ಕಾರಣ ಒಂದೇ: ನೀರನ್ನು ಉಳಿಸಿಕೊಳ್ಳುವುದು.

ಲೇಹ್ ಅನ್ನು ನಾವು ಇನ್ನೂ ನೋಡಿಲ್ಲ. ನಮ್ಮ ಗಣಿತ ಶಿಕ್ಷಕರು ಈಗಲೂ ದಿನಾ ಓಡುತ್ತಾರೆ. ಅವರ ಶಾಲೆಯಲ್ಲಿ ಭಾಗಾಕಾರ ಕಲಿಸುವಾಗ ಕೆಳಗಿನ ಎರಡನೆಯ ಲೆಕ್ಕವನ್ನು ತಪ್ಪದೆ ಕೊಡುತ್ತಾರೆ.

ಮಾಡಿ ನೋಡಿ

ನೀವು ಘಾಟಿ ರಸ್ತೆಯಲ್ಲಿ ಪ್ರವಾಸ ಹೋಗುವಾಗ ಒಂದೇ ಬಗೆಯ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ ಒಯ್ಯಿರಿ. ಬೆಟ್ಟದ ಮೇಲೆ ಎರಡರ ಮುಚ್ಚಳವನ್ನೂ ತೆರೆಯಿರಿ. ಒಂದನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ತೆರೆದೇ ಇಡಿ. ಕೆಳಗೆ ಬಂದ ಮೇಲೆ ಎರಡನ್ನೂ ಹೋಲಿಸಿ. ತೆರೆದ ಬಾಟಲಿ ಏಕೆ ಬೇಕು? ಪೆರಿಯೆ ಕೆಳಗೆ ಬಿಟ್ಟುಹೋದ ಕೊಳವೆಯನ್ನು ನೆನಪಿಸಿಕೊಳ್ಳಿ. ಪ್ರಯೋಗ ಮುಗಿದ ಮೇಲೆ ಬಾಟಲಿಗಳನ್ನು ಎಸೆಯದೆ ಮನೆಗೆ ತನ್ನಿ.

ಲೆಕ್ಕ ಮಾಡಿ

1. ಎತ್ತರ 1,000 ಮೀಟರ್ ಹೆಚ್ಚಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 2,000 ಮೀಟರ್ ಎತ್ತರದ ಊರಿನಲ್ಲಿ 20 ಡಿಗ್ರಿ ಇದ್ದರೆ, ಅದೇ ಬೆಟ್ಟದ 5,000 ಮೀಟರಿನಲ್ಲಿ ಸುಮಾರು ಎಷ್ಟಿರಬಹುದು?
2. ದಿನಕ್ಕೆ 500 ಮೀಟರ್‌ನ ನಿಯಮ ಪಾಲಿಸಿದರೆ, 3,100 ಮೀಟರಿನಲ್ಲಿ ಮಲಗಿದವರು 4,300 ಮೀಟರಿನಲ್ಲಿ ಮಲಗಲು ಕನಿಷ್ಠ ಎಷ್ಟನೆಯ ರಾತ್ರಿಯಾಗಬೇಕು?
3. ಪಟ್ಟಿಯನ್ನು ನೋಡಿ, ಎತ್ತರ ಮತ್ತು ಕುದಿಬಿಂದುವಿನ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆಯಿರಿ. ನಿಮ್ಮ ಊರಿನ ಎತ್ತರ ತಿಳಿದುಕೊಂಡು, ಅಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆಂದು ನಕ್ಷೆಯಿಂದ ಊಹಿಸಿ. ಶಿಕ್ಷಕರ ಸಹಾಯದಿಂದ ಅಳೆದು ನೋಡಿ.

(ಉತ್ತರ: 1. ಸುಮಾರು 0.5 ಡಿಗ್ರಿ. 2. ಮೂರನೆಯ ರಾತ್ರಿ. ಉದಾಹರಣೆಗೆ 3,600, 4,100, 4,300.)

ನೆನಪಿಡಿ

ಎತ್ತರದ ಜಾಗದಲ್ಲಿ ತಲೆನೋವು ಬಂದರೆ ಮುಚ್ಚಿಡಬೇಡಿ, ಜೊತೆಯವರಿಗೆ ಕೂಡಲೇ ಹೇಳಿ.
ತಲೆನೋವು, ವಾಂತಿ ಇರುವಾಗ ಇನ್ನೂ ಮೇಲಕ್ಕೆ ಹೋಗಬಾರದು.
ತೂರಾಡುವುದು, ಮಾತು ತೊದಲುವುದು, ಕುಳಿತಲ್ಲೇ ಏದುಸಿರು ಕಂಡರೆ ಕಾಯದೆ ಕೆಳಗೆ ಇಳಿಸಬೇಕು. ಅವರನ್ನು ಒಂಟಿಯಾಗಿ ಬಿಡಬಾರದು.

ಹೊಸ ಪದಗಳು

ವಾಯು ಒತ್ತಡ: ಗಾಳಿ ತನ್ನ ತೂಕದಿಂದ ಎಲ್ಲ ವಸ್ತುಗಳ ಮೇಲೆ ಹಾಕುವ ಒತ್ತಡ.
ಕುದಿಬಿಂದು: ದ್ರವವು ಕುದಿಯಲು ಆರಂಭಿಸುವ ಉಷ್ಣತೆ.
ಮಳೆನೆರಳು ಪ್ರದೇಶ: ಬೆಟ್ಟದ ಮರೆಯಲ್ಲಿರುವುದರಿಂದ ಕಡಿಮೆ ಮಳೆ ಪಡೆಯುವ ಪ್ರದೇಶ.
ಪತ್ರಹರಿತ್ತು: ಎಲೆಗೆ ಹಸಿರು ಬಣ್ಣ ಕೊಡುವ, ಆಹಾರ ತಯಾರಿಕೆಗೆ ಬೆಳಕನ್ನು ಹೀರುವ ವಸ್ತು.